ನೇರಪ್ರಸಾರಕ್ಕೆ ಮನೆ ಸಜ್ಜಾಗಿದೆಯೇ?

ರಾಯಚೂರಿನಿಂದ ಮಂತ್ರಾಲಯದತ್ತ ಸಾಗುವ ಹಾದಿಯ ಯರಗೇರಾದಂತಹ ಊರಿನಿಂದಲೂ ಇಂದು ಹುಡುಗನೊಬ್ಬ ತಾನಾಡುವ ವಿಡಿಯೊ ಗೇಮನ್ನು ಜಗತ್ತಿಗೆ ನೇರಪ್ರಸಾರ ಮಾಡಬಹುದು. ಅದಕ್ಕೆ ಬೇಕಾದ ಓಬಿಎಸ್ ಸ್ಟುಡಿಯೊ ತಂತ್ರಾಂಶ ಉಚಿತ. ಮಕ್ಕಳ ಒತ್ತಾಯಕ್ಕೆ ಮಣಿದು ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಪಾಲಕರು ಮಾತ್ರ ಕಂಪ್ಯೂಟರಿನ ಹೊರಗಿನ ಕೊರತೆಗಳನ್ನು ಮರೆಯುತ್ತಾರೆ.

ಮೊದಲನೆಯದು ಅಂತರ್ಜಾಲ. ಸಿನಿಮಾ ನೋಡಲು ಡೌನ್‌ಲೋಡ್ ವೇಗ ಸಾಕು. ಪ್ರಸಾರಕ್ಕೆ ಬೇಕಾದುದು ಅಪ್‌ಲೋಡ್ ವೇಗ. ಸ್ಪಷ್ಟ ಚಿತ್ರಕ್ಕಾಗಿ ಸೆಕೆಂಡಿಗೆ 6 ಮೆಗಾಬಿಟ್ ಕಳುಹಿಸಿದರೆ ಗಂಟೆಗೆ 2.7 ಗಿಗಾಬೈಟ್ ವ್ಯಯವಾಗುತ್ತದೆ. ದಿನಕ್ಕೆ 2 ಗಿಗಾಬೈಟ್ ನೀಡುವ ಮೊಬೈಲ್ ಪ್ಯಾಕ್ ಮುಕ್ಕಾಲು ಗಂಟೆಯಲ್ಲಿ ಬರಿದು. ಫೈಬರ್ ಸಂಪರ್ಕವಿಲ್ಲದವರು 720ಪಿ ಗುಣಮಟ್ಟಕ್ಕೆ ಇಳಿದು, 3 ಮೆಗಾಬಿಟ್‌ನಲ್ಲಿ ತೃಪ್ತರಾಗುವುದೇ ಲೇಸು.

ಎರಡನೆಯದು ವಿದ್ಯುತ್. 1985ರಿಂದ ನಾಡಿಗೆ ವಿದ್ಯುತ್ ಉಣಿಸುತ್ತಿರುವ ಶಕ್ತಿನಗರ ಇದೇ ತಾಲ್ಲೂಕಿನಲ್ಲಿದೆ. ಆದರೂ ಯುಪಿಎಸ್ ಅನಿವಾರ್ಯ. ಕಂಪ್ಯೂಟರಿಗಷ್ಟೇ ಅಲ್ಲ, ರೂಟರಿಗೂ.

ಮೂರನೆಯದು ಬಿಸಿಲು. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಗೋಡೆಗೆ ಒತ್ತಿಟ್ಟ ಸಿಪಿಯು ಕಾದರೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಚಿತ್ರ ತಡವರಿಸುತ್ತದೆ. ಆಗಾಗ ಧೂಳು ತೆಗೆದು, ಸುತ್ತ ಗಾಳಿಯಾಡಲು ಜಾಗ ಬಿಡಬೇಕು.

ಇವೆಲ್ಲಕ್ಕಿಂತ ದೊಡ್ಡ ಸಿದ್ಧತೆ ಪಾಲಕರದು. ಯೂಟ್ಯೂಬ್ 2025ರ ಜುಲೈನಲ್ಲಿ ನೇರಪ್ರಸಾರದ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವುಗಳ ಜಾಹೀರಾತನ್ನು ನಿಷೇಧಿಸುವ ಕಾಯ್ದೆಗೆ ಅದೇ ವರ್ಷ ಸಂಸತ್ತು ಒಪ್ಪಿಗೆ ನೀಡಿತು. ಮನೆಯ ಕೋಣೆಯೊಂದು ಅಪರಿಚಿತರಿಗೆ ತೆರೆದುಕೊಳ್ಳುವ ಮುನ್ನ, ಏನನ್ನು, ಎಷ್ಟು ಹೊತ್ತು ತೋರಿಸಬೇಕೆಂಬುದನ್ನು ಮಕ್ಕಳೊಡನೆ ಕುಳಿತು ನಿರ್ಧರಿಸುವುದು ಹಿರಿಯರ ಹೊಣೆ.