ರೋಲಿಂಗ್ ಷಟರ್ ಸ್ಪ್ರಿಂಗ್‌ಗಳ ಆಯ್ಕೆ ಮತ್ತು ಅಳವಡಿಕೆ: ವರ್ತಕರು ತಿಳಿದಿರಬೇಕಾದ ಅಂಶಗಳು

ಅಂಗಡಿ, ಗೋದಾಮು ಹಾಗೂ ಸಣ್ಣ ಕೈಗಾರಿಕಾ ಶೆಡ್ಡುಗಳ ಬಾಗಿಲು ಎಂದರೆ ಇಂದು ಬಹುಮಟ್ಟಿಗೆ ರೋಲಿಂಗ್ ಷಟರ್ ಎಂದೇ ಅರ್ಥ. ಬೆಂಗಳೂರಿನ ಚಿಕ್ಕಪೇಟೆಯ ಕಿರಿದಾದ ಜವಳಿ ಅಂಗಡಿಯಿಂದ ಹಿಡಿದು ಹುಬ್ಬಳ್ಳಿಯ ಅಮರಗೋಳದ ಕೃಷಿ ಮಾರುಕಟ್ಟೆ ಪ್ರಾಂಗಣದ ಗೋದಾಮುಗಳವರೆಗೆ ವ್ಯವಹಾರದ ದಿನ ಆರಂಭವಾಗುವುದು ಷಟರ್ ಎತ್ತುವ ಸದ್ದಿನಿಂದಲೇ. ಆದರೆ ಈ ಬಾಗಿಲಿನ ಭಾರವನ್ನು ಹೊರುವ ಸ್ಪ್ರಿಂಗ್ ತಗಡಿನ ಮುಚ್ಚಳದ ಹಿಂದೆ ಅಡಗಿರುವುದರಿಂದ ಅದು ಮುರಿಯುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಮುರಿದ ಮೇಲೆಯೂ ಅಂಗಡಿಯ ಹುಡುಗರು ಹೆಗಲು ಕೊಟ್ಟು ಎತ್ತುವುದು, ಕೆಳಗೆ ಮರದ ತುಂಡು ಆನಿಸಿ ನಿಲ್ಲಿಸುವುದು ಸಾಮಾನ್ಯ ದೃಶ್ಯವಾಗಿದೆ. ಕೈಬೆರಳು, ಪಾದ, ತಲೆಗೆ ಪೆಟ್ಟು ಬೀಳುವುದು ಇಂಥ ಸಂದರ್ಭಗಳಲ್ಲಿಯೇ. ಸ್ಪ್ರಿಂಗಿನ ಕೆಲಸವೇನು, ಹೊಸದನ್ನು ಹೇಗೆ ಆರಿಸಬೇಕು, ಅಳವಡಿಸುವಾಗ ಯಾವ ಎಚ್ಚರಿಕೆ ಅಗತ್ಯ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸ್ಪ್ರಿಂಗ್ ಮಾಡುವ ಕೆಲಸ

ಕೈಯಿಂದ ಎತ್ತಿ ಇಳಿಸುವ ಷಟರಿನಲ್ಲಿ ಮೇಲ್ಭಾಗದ ಉಕ್ಕಿನ ಪೈಪನ್ನು ಎರಡೂ ಬದಿಯ ಬ್ರಾಕೆಟ್‌ಗಳಿಗೆ ಯು-ಕ್ಲಾಂಪ್‌ಗಳಿಂದ ಬಿಗಿದಿರಲಾಗುತ್ತದೆ. ಪೈಪು ತಿರುಗುವುದಿಲ್ಲ, ಅದರ ಮೇಲಿನ ಎರಕದ ಪುಲ್ಲಿಗಳು ತಿರುಗುತ್ತವೆ. ಉಕ್ಕಿನ ಪಟ್ಟಿಗಳ ಪರದೆ ಈ ಪುಲ್ಲಿಗಳಿಗೆ ಜೋಡಣೆಯಾಗಿರುತ್ತದೆ. ಸ್ಪ್ರಿಂಗಿನ ಒಂದು ತುದಿ ಪೈಪಿಗೂ ಇನ್ನೊಂದು ತುದಿ ಪುಲ್ಲಿಗೂ ಬಂಧಿತವಾಗಿರುತ್ತದೆ. ಷಟರನ್ನು ಕೆಳಗೆಳೆದಾಗ ಸ್ಪ್ರಿಂಗ್ ತಿರುಚಿಕೊಂಡು ಬಿಗಿಯಾಗುತ್ತದೆ; ಮೇಲೆತ್ತುವಾಗ ಅದೇ ಬಲ ಎತ್ತುವವನಿಗೆ ನೆರವಾಗುತ್ತದೆ.

ಈ ವ್ಯವಸ್ಥೆಯ ಸೊಗಸು ಒಂದು ಸರಳ ಹೊಂದಾಣಿಕೆಯಲ್ಲಿದೆ. ಷಟರ್ ಕೆಳಗಿಳಿದಂತೆಲ್ಲ ತೂಗುವ ಭಾಗದ ತೂಕ ಹೆಚ್ಚುತ್ತದೆ. ಅದೇ ಪ್ರಮಾಣದಲ್ಲಿ ಸ್ಪ್ರಿಂಗಿನ ಬಿಗಿಯೂ ಹೆಚ್ಚುತ್ತದೆ. ಆದ್ದರಿಂದ ಸರಿಯಾದ ಸ್ಪ್ರಿಂಗ್ ಇರುವ ಷಟರ್ ಅರ್ಧಕ್ಕೆ ಬಿಟ್ಟರೂ ಬಿಟ್ಟಲ್ಲಿಯೇ ನಿಲ್ಲಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟ ವಿವರಣೆಗಳೂ ಭಾಗಶಃ ತೆರೆದ ಯಾವುದೇ ಸ್ಥಿತಿಯಲ್ಲಿ ಷಟರ್ ಸಮತೋಲನದಲ್ಲಿರಬೇಕೆಂದು ಹೇಳುತ್ತವೆ. ಲೋಹದ ರೋಲಿಂಗ್ ಷಟರ್‌ಗಳಿಗಾಗಿ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 6248 ಎಂಬ ಪ್ರತ್ಯೇಕ ಮಾನಕವೂ ಇದೆ.

ದೋಷ ಸ್ಪ್ರಿಂಗಿನದೇ?

ಷಟರ್ ಭಾರವಾದ ಮಾತ್ರಕ್ಕೆ ಸ್ಪ್ರಿಂಗ್ ಕೆಟ್ಟಿದೆ ಎನ್ನಲಾಗದು. ಗೈಡ್ ಚಾನೆಲ್ ಬಾಗಿದ್ದರೆ, ಅದರಲ್ಲಿ ಧೂಳು ಮತ್ತು ಹಳೆಯ ಗ್ರೀಸ್ ಗಟ್ಟಿಯಾಗಿದ್ದರೆ, ಅಥವಾ ಪಟ್ಟಿಗಳು ಅಕ್ಕಪಕ್ಕಕ್ಕೆ ಸರಿದು ಗೋಡೆಗೆ ಉಜ್ಜುತ್ತಿದ್ದರೆ ಇದೇ ಲಕ್ಷಣ ಕಾಣಿಸುತ್ತದೆ. ಮೊದಲು ಚಾನೆಲ್‌ಗಳನ್ನು ಶುಚಿಗೊಳಿಸಿ, ನೇರವಿದೆಯೇ ಎಂದು ನೋಡಿ, ಅನಂತರ ಷಟರನ್ನು ಸೊಂಟದ ಮಟ್ಟಕ್ಕೆ ತಂದು ನಿಧಾನವಾಗಿ ಕೈ ಸಡಿಲಿಸಿ ಪರೀಕ್ಷಿಸಬೇಕು. ಈ ವೇಳೆ ಅದರ ಕೆಳಗೆ ಯಾರೂ ಇರಕೂಡದು. ತಾನಾಗಿ ಕೆಳಗೆ ಜಾರಿದರೆ ಸ್ಪ್ರಿಂಗ್ ಸಡಿಲವಾಗಿದೆ ಅಥವಾ ಮುರಿದಿದೆ ಎಂದರ್ಥ. ತಾನಾಗಿ ಮೇಲೇರಿದರೆ ಬಿಗಿ ಅತಿಯಾಗಿದೆ. ಒಂದು ಬದಿ ಮುಂದಾಗಿ ಇನ್ನೊಂದು ಬದಿ ಹಿಂದುಳಿದರೆ ಒಂದು ಸ್ಪ್ರಿಂಗ್ ಮಾತ್ರ ಮುರಿದಿರುವ ಸಂಭವವಿದೆ.

ಬಾಳಿಕೆಯ ಲೆಕ್ಕವನ್ನು ವರ್ಷಗಳಲ್ಲಿ ಹಾಕುವುದಕ್ಕಿಂತ ಬಳಕೆಯ ಸಂಖ್ಯೆಯಲ್ಲಿ ಹಾಕುವುದು ಸರಿ. ವಿದೇಶಗಳ ಗ್ಯಾರೇಜ್ ಬಾಗಿಲುಗಳ ಸಾಮಾನ್ಯ ದರ್ಜೆಯ ಸ್ಪ್ರಿಂಗ್‌ಗಳನ್ನು 10,000 ಬಾರಿಯ ಬಳಕೆಗೆಂದು ರೂಪಿಸುವ ರೂಢಿಯಿದೆ. ಈ ಅಳತೆಗೋಲನ್ನೇ ಹಿಡಿದರೆ, ದಿನಕ್ಕೆ 2 ಬಾರಿ ತೆರೆದು ಮುಚ್ಚುವ ಅಂಗಡಿಯಲ್ಲಿ ವರ್ಷದ 300 ದಿನಗಳಿಗೆ 600 ಬಾರಿಯಷ್ಟೇ ಆಗುತ್ತದೆ. ದಿನಕ್ಕೆ 10 ಬಾರಿ ತೆರೆದು ಮುಚ್ಚುವ ಗೋದಾಮಿನಲ್ಲಿ ಅದು 3,000 ಆಗಿ, ನಾಲ್ಕನೆಯ ವರ್ಷದಲ್ಲಿಯೇ ಮಿತಿ ಮುಟ್ಟುತ್ತದೆ. ಮಂಗಳೂರು, ಕಾರವಾರಗಳಂಥ ಕರಾವಳಿ ಪಟ್ಟಣಗಳಲ್ಲಿ ಉಪ್ಪಿನ ಗಾಳಿಯಿಂದ ತಂತಿಗೆ ತುಕ್ಕು ಹಿಡಿದು ಬಾಳಿಕೆ ಇನ್ನಷ್ಟು ತಗ್ಗುತ್ತದೆ.

ತೂಕವೇ ಆಯ್ಕೆಗೆ ಆಧಾರ

ಹಳೆಯ ಸ್ಪ್ರಿಂಗನ್ನು ಅಂಗಡಿಗೆ ಒಯ್ದು ಅದರಂಥದೇ ಇನ್ನೊಂದನ್ನು ತರುವುದು ರೂಢಿ. ಷಟರ್ ಮೂಲದಲ್ಲಿ ಇದ್ದಂತೆಯೇ ಇದ್ದರೆ ಇದು ಸರಿ. ಆದರೆ ನಡುವೆ ಪಟ್ಟಿಗಳನ್ನು ಬದಲಾಯಿಸಿದ್ದರೆ ಲೆಕ್ಕ ತಪ್ಪುತ್ತದೆ. 20 ಗೇಜಿನ ತಗಡು ಸುಮಾರು 0.9 ಮಿ.ಮೀ. ದಪ್ಪವಿದ್ದರೆ 18 ಗೇಜಿನದು ಸುಮಾರು 1.2 ಮಿ.ಮೀ. ದಪ್ಪವಿರುತ್ತದೆ. ಅಂದರೆ ಭದ್ರತೆಗಾಗಿ ದಪ್ಪ ಪಟ್ಟಿ ಹಾಕಿಸಿದವರ ಷಟರ್ ಮೂರನೇ ಒಂದು ಭಾಗದಷ್ಟು ಹೆಚ್ಚು ತೂಗುತ್ತದೆ. ಹಳೆಯ ಸ್ಪ್ರಿಂಗ್ ಆ ಭಾರವನ್ನು ಹೊರಲಾರದು.

ಲೆಕ್ಕದ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 2.5 ಮೀಟರ್ ಎತ್ತರದ ಷಟರಿನ ತೂಕ 80 ಕಿಲೋ, ಪುಲ್ಲಿಯ ಮೇಲೆ ಸುರುಳಿಯ ಸರಾಸರಿ ತ್ರಿಜ್ಯ 10 ಸೆಂ.ಮೀ. ಎಂದು ಭಾವಿಸಿದರೆ, ಪೂರ್ತಿ ಇಳಿದಾಗ ಬೇಕಾಗುವ ತಿರುಚು ಬಲ ಸುಮಾರು 78 ನ್ಯೂಟನ್-ಮೀಟರ್. ಒಂದು ಸುತ್ತಿಗೆ ಸುಮಾರು 63 ಸೆಂ.ಮೀ. ಇಳಿಯುವುದರಿಂದ ಷಟರ್ ಪೂರ್ತಿ ಇಳಿಯಲು 4 ಸುತ್ತು ಬೇಕು. ತೆರೆದ ಸ್ಥಿತಿಯಲ್ಲಿಯೂ ಕೆಳ ಅಂಚಿನ ಕೋನಪಟ್ಟಿ ಜೋತುಬೀಳದಂತೆ 1 ಸುತ್ತಿನ ಮುಂಬಿಗಿ ಇರಿಸಿದರೆ ಒಟ್ಟು 5 ಸುತ್ತು. ಅಂದರೆ ಪ್ರತಿ ಸುತ್ತಿಗೆ ಸುಮಾರು 16 ನ್ಯೂಟನ್-ಮೀಟರ್ ಬಲ ಒದಗಬೇಕು. ಇದನ್ನು ಪೈಪಿನ ಮೇಲಿರುವ ಸ್ಪ್ರಿಂಗ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರತಿಯೊಂದರ ಪಾಲು ದೊರೆಯುತ್ತದೆ.

ಅಳತೆಯ ಸೂಕ್ಷ್ಮಗಳು

ಸ್ಪ್ರಿಂಗಿನ ಬಲ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಉಳಿದೆಲ್ಲವೂ ಒಂದೇ ಆಗಿದ್ದರೂ 4 ಮಿ.ಮೀ. ತಂತಿಗೆ ಬದಲಾಗಿ 5 ಮಿ.ಮೀ. ತಂತಿ ಬಳಸಿದರೆ ಬಲ ಎರಡೂವರೆ ಪಟ್ಟಿಗೆ ಹತ್ತಿರವಾಗುತ್ತದೆ. ಆದ್ದರಿಂದ ಕಣ್ಣಳತೆ ಇಲ್ಲಿ ಸಲ್ಲದು. ತುಕ್ಕು ಒರೆಸಿ, ಒಂದಕ್ಕೊಂದು ತಾಗಿರುವ 10 ಸುರುಳಿಗಳ ಒಟ್ಟು ಉದ್ದ ಅಳೆದು ಹತ್ತರಿಂದ ಭಾಗಿಸಿದರೆ ತಂತಿಯ ದಪ್ಪ ನಿಖರವಾಗಿ ತಿಳಿಯುತ್ತದೆ. ಸುರುಳಿಗಳ ಸಂಖ್ಯೆ ಹೆಚ್ಚಿದಷ್ಟೂ ಸ್ಪ್ರಿಂಗ್ ಮೃದುವಾಗುತ್ತದೆ. ಮುರಿದ ಸ್ಪ್ರಿಂಗಿನ ತುದಿಯನ್ನು ಕಾಯಿಸಿ ಬಗ್ಗಿಸಿ ಮತ್ತೆ ಸಿಕ್ಕಿಸುವುದು ಈ ಕಾರಣಕ್ಕೇ ತಪ್ಪು: ಸುರುಳಿ ಕಡಿಮೆಯಾಗಿ ಬಿಗಿ ಬದಲಾಗುತ್ತದೆ, ಕಾಯಿಸಿದ ಭಾಗ ಹದ ಕಳೆದುಕೊಳ್ಳುತ್ತದೆ. ವೆಲ್ಡಿಂಗ್ ಮಾಡಿಸುವುದಂತೂ ಅಪಾಯಕ್ಕೆ ಆಹ್ವಾನ.

ಒಳವ್ಯಾಸದ ವಿಷಯದಲ್ಲಿ ಅನುಭವಿಗಳೂ ಎಡವುವುದುಂಟು. ಬಿಗಿಯಾದಂತೆಲ್ಲ ಸ್ಪ್ರಿಂಗಿನ ವ್ಯಾಸ ಕುಗ್ಗುತ್ತದೆ. 50 ಮಿ.ಮೀ. ಪೈಪಿನ ಹೊರವ್ಯಾಸ ಸುಮಾರು 60 ಮಿ.ಮೀ. ಇರುತ್ತದೆ. 5 ಮಿ.ಮೀ. ತಂತಿಯ, 65 ಮಿ.ಮೀ. ಒಳವ್ಯಾಸದ, 50 ಸುರುಳಿಗಳ ಸ್ಪ್ರಿಂಗ್ ಪೈಪಿನ ಮೇಲೆ ಸಲೀಸಾಗಿ ಜಾರುತ್ತದೆ. ಆದರೆ 5 ಸುತ್ತು ಬಿಗಿದಾಗ ಅದರ ಒಳವ್ಯಾಸ 59 ಮಿ.ಮೀ.ಗೂ ಕೆಳಗಿಳಿಯಬೇಕಾಗುವುದರಿಂದ ಅದು ಪೈಪನ್ನು ಕಚ್ಚಿಹಿಡಿಯುತ್ತದೆ. ಷಟರ್ ಕೆಳಗೆ ಪೂರ್ತಿ ಬರುವುದಿಲ್ಲ, ಎಳೆದರೆ ತಂತಿ ಮುರಿಯುತ್ತದೆ. ಒಳವ್ಯಾಸ 70 ಮಿ.ಮೀ. ಇದ್ದಿದ್ದರೆ ಬಿಗಿದ ಮೇಲೂ 63 ಮಿ.ಮೀ. ಉಳಿಯುತ್ತಿತ್ತು.

ಮೂರನೆಯದು ಸುತ್ತಿನ ದಿಕ್ಕು. ಷಟರ್ ಇಳಿಯುವಾಗ ಸ್ಪ್ರಿಂಗ್ ಬಿಗಿಯಾಗಬೇಕೇ ಹೊರತು ಬಿಚ್ಚಿಕೊಳ್ಳಬಾರದು. ಪುಲ್ಲಿಯ ಎಡಕ್ಕೂ ಬಲಕ್ಕೂ ಜೋಡಿಸುವ ಸ್ಪ್ರಿಂಗ್‌ಗಳ ದಿಕ್ಕು ಪರಸ್ಪರ ವಿರುದ್ಧವಾಗಿರುತ್ತದೆ. ಸ್ಪ್ರಿಂಗನ್ನು ನೆಟ್ಟಗೆ ನಿಲ್ಲಿಸಿ ನೋಡಿದಾಗ ಎದುರಿನ ಸುರುಳಿಗಳು ಬಲಕ್ಕೆ ಏರುತ್ತಿದ್ದರೆ ಅದು ಬಲಸುತ್ತು, ಎಡಕ್ಕೆ ಏರುತ್ತಿದ್ದರೆ ಎಡಸುತ್ತು. ಅಂಗಡಿಗೆ ಹೋಗುವಾಗ ತಂತಿಯ ದಪ್ಪ, ಒಳವ್ಯಾಸ, ಸುರುಳಿಗಳ ಸಂಖ್ಯೆ, ಸುತ್ತಿನ ದಿಕ್ಕು, ತುದಿಯ ಕೊಕ್ಕೆಯ ಆಕಾರ ಮತ್ತು ಷಟರಿನ ಅಗಲ-ಎತ್ತರಗಳನ್ನು ಚೀಟಿಯಲ್ಲಿ ಬರೆದೊಯ್ಯುವುದು ಲೇಸು.

ತಂತಿಯ ಗುಣಮಟ್ಟಕ್ಕೆ ಐ.ಎಸ್. 4454ರ 1ನೇ ಭಾಗ ಆಧಾರ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಈ ಮಾನಕಕ್ಕೆ ಅನುಗುಣವಾದ, 27.5 ಸೆಂ.ಮೀ. ಉದ್ದದ ತಂತಿ ಸ್ಪ್ರಿಂಗ್‌ಗಳ ಉಲ್ಲೇಖವಿದೆ. ಖರೀದಿ ಬಿಲ್ಲಿನಲ್ಲಿ ಮಾನಕದ ಸಂಖ್ಯೆಯನ್ನು ಬರೆಸಿಕೊಂಡರೆ ಮುಂದಿನ ತಕರಾರಿಗೆ ಆಧಾರವಿರುತ್ತದೆ. ಒಂದು ಸ್ಪ್ರಿಂಗ್ ಮುರಿದಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದೇ ಕ್ರಮ. ಅಷ್ಟೇ ದಿನ ದುಡಿದ ಉಳಿದವುಗಳ ಆಯುಷ್ಯವೂ ಮುಗಿಯುತ್ತ ಬಂದಿರುತ್ತದೆ. ಹೊಸದು ಮತ್ತು ಹಳೆಯದರ ಬಿಗಿ ಸಮವಾಗದೆ ಷಟರ್ ಓರೆಯಾಗುತ್ತದೆ.

ಅಳವಡಿಕೆ: ಕ್ರಮ ಮತ್ತು ಎಚ್ಚರಿಕೆ

ಬಿಗಿಯಲ್ಲಿರುವ ಸ್ಪ್ರಿಂಗನ್ನು ಬಿಚ್ಚುವುದು ಅಂಗಡಿಯ ಸಿಬ್ಬಂದಿಯ ಕೆಲಸವಲ್ಲ. ಅನುಭವಿ ಮೆಕ್ಯಾನಿಕ್ ಮತ್ತು ಒಬ್ಬ ಸಹಾಯಕ ಅಗತ್ಯ. ಆದರೆ ಕೆಲಸ ಹೇಗೆ ನಡೆಯಬೇಕೆಂಬ ತಿಳಿವಳಿಕೆ ಮಾಲೀಕರಿಗೆ ಇದ್ದರೆ ಅವಸರದ ಕೆಲಸವನ್ನು ತಡೆಯಬಹುದು.

ಮೊದಲು ಷಟರನ್ನು ಪೂರ್ತಿ ಮೇಲೆತ್ತಬೇಕು. ಸ್ಪ್ರಿಂಗಿನಲ್ಲಿ ಬಿಗಿ ಕನಿಷ್ಠವಾಗಿರುವುದು ಆ ಸ್ಥಿತಿಯಲ್ಲಿ. ಸ್ಪ್ರಿಂಗ್ ಮುರಿದಿರುವ ಭಾರಿ ಷಟರನ್ನು ಚೈನ್ ಪುಲ್ಲಿ ಬ್ಲಾಕಿನಿಂದ ಎತ್ತುವುದು ಕ್ಷೇಮ. ಎತ್ತಿದ ಸುರುಳಿಯನ್ನು ಹಗ್ಗದಿಂದ ಕಟ್ಟಿ, ಕೆಳಗಿನಿಂದ ಆಧಾರ ಕೊಡಬೇಕು. ಮೇಲಿನ ಮುಚ್ಚಳ ತೆಗೆದ ಬಳಿಕ ಪೈಪನ್ನು ಪೈಪ್ ರೆಂಚಿನಿಂದ ಭದ್ರವಾಗಿ ಹಿಡಿದ ಮೇಲೆಯೇ ಯು-ಕ್ಲಾಂಪಿನ ನಟ್ಟುಗಳನ್ನು ಸಡಿಲಿಸಬೇಕು. ಎರಡು ರೆಂಚುಗಳನ್ನು ಒಂದಾದ ಮೇಲೊಂದರಂತೆ ಬಳಸಿ ಕಾಲು ಕಾಲು ಸುತ್ತಾಗಿ ಬಿಗಿಯನ್ನು ಇಳಿಸಬೇಕು. ಒಂದೇ ರೆಂಚು ಜಾರಿದರೆ ಅದರ ಹಿಡಿಕೆ ಬೀಸಿ ಬಂದು ಬಡಿಯುವ ಪೆಟ್ಟು ಮೂಳೆ ಮುರಿಯುವಷ್ಟಿರುತ್ತದೆ. ಎಷ್ಟು ಸುತ್ತು ಬಿಚ್ಚಲಾಯಿತೆಂದು ಪೈಪಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಎಣಿಸಿಟ್ಟುಕೊಂಡರೆ ಮತ್ತೆ ಬಿಗಿಯುವಾಗ ಅನುಕೂಲ.

ಬಿಗಿ ಪೂರ್ತಿ ಇಳಿದ ನಂತರ ಪರದೆಯನ್ನು ಪುಲ್ಲಿಗಳಿಂದ ಬೇರ್ಪಡಿಸಿ, ಪೈಪನ್ನು ಕೆಳಗಿಳಿಸಿ, ಸ್ಪ್ರಿಂಗ್‌ಗಳನ್ನು ಬದಲಾಯಿಸಬೇಕು. ಬ್ರಾಕೆಟ್ಟಿನ ಬೋಲ್ಟುಗಳು ಗೋಡೆಯಲ್ಲಿ ಸಡಿಲವಾಗಿಲ್ಲವೇ ಎಂದು ಪರೀಕ್ಷಿಸಲು ಇದೇ ಸಮಯ. ಮರುಜೋಡಣೆಯಾದ ಮೇಲೆ ಮುಂಬಿಗಿ ಕೊಟ್ಟು, ಕ್ಲಾಂಪ್ ಬಿಗಿದು, ಮೂರು ಎತ್ತರಗಳಲ್ಲಿ ಷಟರ್ ನಿಲ್ಲುವುದೇ ಎಂದು ನೋಡಬೇಕು. ಹಗುರವಾಗಲೆಂದು ಅತಿಯಾಗಿ ಬಿಗಿಸುವುದು ಸಲ್ಲದು. ಹಾಗೆ ಬಿಗಿದ ಷಟರ್ ಬೀಗ ತೆಗೆದೊಡನೆ ರಭಸದಿಂದ ಮೇಲೇರಿ ಕೈಗೆ ಬಡಿಯುತ್ತದೆ, ಸ್ಪ್ರಿಂಗಿನ ಆಯುಷ್ಯವೂ ಕುಗ್ಗುತ್ತದೆ. ಬಾಗಿಲಿನ ವಿಸ್ತೀರ್ಣ 10 ಚದರ ಮೀಟರಿಗಿಂತ ಹೆಚ್ಚಿದ್ದರೆ ಸ್ಪ್ರಿಂಗ್ ಮೇಲೆ ಸ್ಪ್ರಿಂಗ್ ಸೇರಿಸುವ ಬದಲು ಚೈನ್ ಅಥವಾ ಹಿಡಿಕೆಯ ಗೇರ್ ವ್ಯವಸ್ಥೆಗೆ ಬದಲಾಗುವುದು ವಿವೇಕ.

ಟ್ರೈಲರ್ ರ‍್ಯಾಂಪ್ ಬಾಗಿಲುಗಳು

ಸಾಗಣೆ ಉದ್ಯಮದಲ್ಲಿರುವವರಿಗೆ ಇದೇ ತತ್ತ್ವ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಟ್ರೈಲರ್ ಹಿಂಭಾಗದಲ್ಲಿ ಕೆಳ ಅಂಚಿಗೆ ಕೀಲು ಇರುವ ರ‍್ಯಾಂಪ್ ಬಾಗಿಲು ನೆಟ್ಟಗೆ ನಿಂತಾಗ ಸ್ಪ್ರಿಂಗಿನ ಮೇಲೆ ಭಾರವಿರುವುದಿಲ್ಲ. ಕೆಳಗೆ ಮಲಗುತ್ತ ಬಂದಂತೆ ಭಾರ ಏರುತ್ತದೆ. 2 ಮೀಟರ್ ಉದ್ದದ, 60 ಕಿಲೋ ತೂಕದ ಬಾಗಿಲು ಅಡ್ಡಲಾದಾಗ ಕೀಲಿನ ಮೇಲೆ ಸುಮಾರು 590 ನ್ಯೂಟನ್-ಮೀಟರ್ ತಿರುಚು ಬಲ ಬೀಳುತ್ತದೆ. ಸ್ಪ್ರಿಂಗ್ ಇಲ್ಲದಿದ್ದರೆ ಅದರ ತುದಿಯನ್ನು ಎತ್ತುವವನು 30 ಕಿಲೋ ಭಾರ ಹೊರಬೇಕು. ಆದ್ದರಿಂದ ಅಲ್ಲಿ ಸ್ಪ್ರಿಂಗ್ ಬದಲಾಯಿಸುವ ಕೆಲಸವನ್ನು ಬಾಗಿಲು ಮುಚ್ಚಿ, ಅಗುಳಿ ಭದ್ರಪಡಿಸಿದ ಸ್ಥಿತಿಯಲ್ಲಿ ಆರಂಭಿಸಬೇಕು. ಆಗಲೂ ಉಳಿದಿರುವ ಬಿಗಿಯನ್ನು ಇಳಿಸದೆ ಬೋಲ್ಟು ಬಿಚ್ಚಬಾರದು. ಎಡ-ಬಲದ ಸ್ಪ್ರಿಂಗ್‌ಗಳನ್ನು ಅದಲುಬದಲು ಮಾಡದೆ ಜೋಡಿಯಾಗಿಯೇ ಬದಲಾಯಿಸಬೇಕು.

ನಿರ್ವಹಣೆ

ವರ್ಷಕ್ಕೆ ಎರಡು ಬಾರಿ, ವಿಶೇಷವಾಗಿ ಮಳೆಗಾಲಕ್ಕೆ ಮುನ್ನ, ಮುಚ್ಚಳ ತೆಗೆಸಿ ಸ್ಪ್ರಿಂಗಿಗೆ ತೆಳುವಾಗಿ ಎಣ್ಣೆ ಹಚ್ಚಿಸಬೇಕು. ಗೈಡ್ ಚಾನೆಲ್‌ಗಳಿಗೆ ಗ್ರೀಸ್ ಮೆತ್ತಿದರೆ ಧೂಳು ಅಂಟಿ ಹಾನಿಯೇ ಹೆಚ್ಚು. ಒಣಬಟ್ಟೆಯಿಂದ ಒರೆಸುವುದು ಸಾಕು. ಸ್ಪ್ರಿಂಗ್ ಹಾಕಿಸಿದ ದಿನಾಂಕ, ತಂತಿಯ ದಪ್ಪ ಮತ್ತು ಮುಂಬಿಗಿಯ ಸುತ್ತುಗಳನ್ನು ಮುಚ್ಚಳದ ಒಳಬದಿಯಲ್ಲಿ ಬಣ್ಣದಿಂದ ಬರೆಸಿಟ್ಟರೆ ಮುಂದಿನ ಬಾರಿ ಊಹೆಗೆ ಎಡೆಯಿರುವುದಿಲ್ಲ. ಸ್ಪ್ರಿಂಗ್ ಮುರಿದಿದೆ ಎಂದು ತಿಳಿದ ದಿನದಿಂದ ದುರಸ್ತಿಯಾಗುವವರೆಗೆ ಆ ಷಟರನ್ನು ಬಳಸಲೇಬಾರದು. ಬೇರೆ ದಾರಿಯಿಲ್ಲದಿದ್ದರೆ ಮೇಲೆತ್ತಿ ಎರಡೂ ಬದಿಯಲ್ಲಿ ಕಬ್ಬಿಣದ ಆಧಾರ ಕೊಟ್ಟು ನಿಲ್ಲಿಸಬೇಕು. ಒಂದು ದಿನದ ವ್ಯಾಪಾರ ತಪ್ಪಿದರೆ ಮರುದಿನ ತುಂಬಿಕೊಳ್ಳಬಹುದು. ಬೆಳಿಗ್ಗೆ ಬಾಗಿಲೆತ್ತುವ ಹುಡುಗನ ಕೈಗೆ ಆದ ಹಾನಿಯನ್ನು ಯಾವ ಲಾಭದಿಂದಲೂ ತುಂಬಿಕೊಡಲಾಗದು.