ಒಂದೇ ಮಾರುತ, ಹಲವು ಮಳೆ

ಆಷಾಢಮಾಸದಲ್ಲಿ ಗೋವೆಯಿಂದ ಘಟ್ಟವನ್ನೇರಿ ಬರುವ ರೈಲಿನ ಪ್ರಯಾಣಿಕರು ಒಂದು ವಿಚಿತ್ರವನ್ನು ಕಾಣಬಹುದು. ಕ್ಯಾಸಲ್‌ರಾಕಿನಲ್ಲಿ ಹೊರಗಿನದೇನೂ ಕಾಣದಂಥ ಜಡಿಮಳೆ. ಲೋಂಡಾದಲ್ಲಿಯೂ ಮಳೆಯ ಅಬ್ಬರವೇ. ಅಲ್ಲಿಂದ ಸುಮಾರು 50 ಕಿಲೋಮೀಟರು ದೂರದ ಬೆಳಗಾವಿಯನ್ನು ಸೇರುವ ವೇಳೆಗೆ ಅದು ಎಷ್ಟೋ ವೇಳೆ ಬರಿಯ ಜಿನುಗು. ವರ್ಷವೊಂದಕ್ಕೆ ಕ್ಯಾಸಲ್‌ರಾಕಿನಲ್ಲಿ 4,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಬೆಳಗಾವಿಯಲ್ಲಿ ಸುಮಾರು 1,300, ಇನ್ನೂ ಪೂರ್ವದ ವಿಜಯಪುರದಲ್ಲಿ ಸುಮಾರು 600. ಬೀಸುವುದು ಒಂದೇ ನೈಋತ್ಯ ಮಾರುತ. ಹೀಗಿರುವಾಗ ಇಷ್ಟೊಂದು ಅಂತರವೇಕೆ?

ಅರಬ್ಬೀ ಸಮುದ್ರದ ಮೇಲೆ ಆವಿಯನ್ನು ತುಂಬಿಕೊಂಡು ಬರುವ ಗಾಳಿಗೆ ಸಹ್ಯಾದ್ರಿಯು ಗೋಡೆಯಂತೆ ಅಡ್ಡ ನಿಂತಿದೆ. ಗಾಳಿ ಮೇಲೇರದೆ ಗತ್ಯಂತರವಿಲ್ಲ. ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ. ಹಿಗ್ಗಲು ತನ್ನ ಶಕ್ತಿಯನ್ನೇ ವೆಚ್ಚಮಾಡುವುದರಿಂದ ತಣ್ಣಗಾಗುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪು ಬಿಸಿಯಾಗುವುದಷ್ಟೆ? ಇದು ಅದರ ವಿಪರ್ಯಯ. ಮೋಡ ಕಟ್ಟುವವರೆಗೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣತೆ ಇಳಿಯುತ್ತದೆ.

ಒಂದು ಘನಮೀಟರಿನಷ್ಟು ಸ್ಥಳದಲ್ಲಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಆವಿ ಇರಬಲ್ಲುದು. 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. ಹಿಡಿಸಲಾರದ ಆವಿಯು ಹನಿಗೂಡಿ ಮೋಡವಾಗುತ್ತದೆ, ಮಳೆಯಾಗುತ್ತದೆ. ಆವಿಯು ಹನಿಯಾಗುವಾಗ ಬಿಡುಗಡೆಯಾಗುವ ಶಾಖವು ಮೋಡವನ್ನು ಇನ್ನೂ ಮೇಲಕ್ಕೆತ್ತುತ್ತದೆ.

ಹಾಗಾದರೆ ಎತ್ತರದ ಊರಿಗೆಲ್ಲ ಹೆಚ್ಚು ಮಳೆಯೇ? ಅಲ್ಲ. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿದೆ. ಲೋಂಡಾ ಅದಕ್ಕಿಂತ ತಗ್ಗು. ಆದರೂ ಮಳೆಯ ಪಾಲು ಲೋಂಡಾಕ್ಕೇ ಹೆಚ್ಚು. ಮಳೆಯನ್ನು ನಿರ್ಧರಿಸುವುದು ಊರಿನ ಎತ್ತರವಲ್ಲ, ಅಲ್ಲಿ ಗಾಳಿಯು ಏರುತ್ತಿದೆಯೇ ಎಂಬುದು. ಘಟ್ಟದ ನೆತ್ತಿಯನ್ನು ದಾಟಿದ ಗಾಳಿ ತನ್ನ ಆವಿಯ ಬಹುಭಾಗವನ್ನು ಕಳೆದುಕೊಂಡಿರುತ್ತದೆ. ಮುಂದೆ ಅದು ಏರಬೇಕಾದ ಗೋಡೆಯಿಲ್ಲ. ಇಳಿಯುವಲ್ಲಿ ಮತ್ತೆ ಬಿಸಿಯಾಗಿ ಮೋಡಗಳು ಕರಗುತ್ತವೆ. ಈ ಪ್ರದೇಶವನ್ನೇ ‘ಮಳೆಯ ನೆರಳು’ ಎನ್ನುತ್ತಾರೆ.

ಈ ನೆರಳಿನ ನಾಡಿಗೆ ಘಟ್ಟದ ಮಳೆಯನ್ನು ಒಯ್ಯುವವಳು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು, ಸವದತ್ತಿಯ ಬಳಿಯ ನವಿಲುತೀರ್ಥ ಜಲಾಶಯವನ್ನು ತುಂಬುತ್ತಾಳೆ. ನರಗುಂದ, ನವಲಗುಂದಗಳ ಹೊಲಗಳಿಗೂ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ನೀರು ಅಲ್ಲಿಂದಲೇ. ಆದುದರಿಂದ ನರಗುಂದದ ರೈತನು ತನ್ನ ತಲೆಯ ಮೇಲಿನ ಆಕಾಶವನ್ನಷ್ಟೇ ನೋಡಿದರೆ ಸಾಲದು. ಕಣಕುಂಬಿಯಲ್ಲಿ ಮಳೆ ತಪ್ಪಿದರೆ ಅವನ ಕಾಲುವೆ ಬತ್ತುತ್ತದೆ. ಮಿತಿಮೀರಿದರೆ, 2019ರ ಆಗಸ್ಟಿನಲ್ಲಿ ಆದಂತೆ, ಅಷ್ಟು ಮಳೆಯಿಲ್ಲದ ಊರಿಗೂ ನೆರೆ ನುಗ್ಗುತ್ತದೆ.

ಇದನ್ನು ವಿದ್ಯಾರ್ಥಿಗಳು ಸ್ವತಃ ಪರೀಕ್ಷಿಸಬಹುದು. ನೇರ ಗೋಡೆಯ ಡಬ್ಬಿಯೊಂದನ್ನು ಮರ, ಮಾಡುಗಳಿಂದ ದೂರವಾಗಿ ಬಯಲಿನಲ್ಲಿಟ್ಟು, ಪ್ರತಿದಿನ ಬೆಳಗ್ಗೆ ನೀರಿನ ಆಳವನ್ನು ಅಳೆದು ಚೆಲ್ಲಿದರಾಯಿತು. ಒಂದು ಮಿಲಿಮೀಟರು ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರು ನೀರು. ಲೋಂಡಾ, ಖಾನಾಪುರ, ಬೆಳಗಾವಿಯ ಮೂರು ಶಾಲೆಗಳು ಒಂದು ಮಳೆಗಾಲ ಹೀಗೆ ಅಳೆದು ಲೆಕ್ಕಗಳನ್ನು ಹೋಲಿಸಲಿ; ಸಹ್ಯಾದ್ರಿಯ ನೆರಳು ಎಷ್ಟು ಬೇಗನೆ ದಟ್ಟವಾಗುತ್ತದೆಂಬುದು ಅಂಕಿಗಳಲ್ಲಿಯೇ ಕಾಣುವುದು.