ಚಿಕ್ಕಪ್ಪನ ಬೂಟು ಮತ್ತು ಹಿಮ್ಮಡಿ ನೋವು

ಬೆಳಿಗ್ಗೆ ನಮ್ಮ ಚಿಕ್ಕಪ್ಪ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆ ಇಡೀ ಮನೆಗೆ ಕೇಳಿಸುತ್ತೆ. ‘ಅಮ್ಮಾ...’ ಅಂತ ಒಂದು ನರಳಾಟ, ಆಮೇಲೆ ಗೋಡೆ ಹಿಡ್ಕೊಂಡು ಬಚ್ಚಲಮನೆವರೆಗೆ ಕುಂಟು ನಡಿಗೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಇಸ್ತ್ರಿ ಮಾಡಿದ ಯೂನಿಫಾರ್ಮ್, ಫಳಫಳ ಬೂಟು, ನೆಟ್ಟಗೆ ನಿಂತ ಟ್ರಾಫಿಕ್ ಹೆಡ್ ಕಾನ್‌ಸ್ಟೇಬಲ್. ಬೆಂಗಳೂರಿನ ಸಿಗ್ನಲ್‌ನಲ್ಲಿ ಅವರನ್ನು ನೋಡುವವರಿಗೆ ಆ ಅರ್ಧ ಗಂಟೆ ಗೊತ್ತಾಗೋದೇ ಇಲ್ಲ.

ಸುಮ್ಮನೆ ನಿಲ್ಲೋದರಲ್ಲಿ ಏನು ಕಷ್ಟ ಅಂತ ನಾನೂ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ನಡೆಯುವುದಕ್ಕಿಂತ ನಿಲ್ಲುವುದೇ ಕಾಲಿಗೆ ಭಾರ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಬಿಟ್ಟು, ಹಿಂಡಿ ಬಿಟ್ಟು ರಕ್ತವನ್ನು ಮೇಲಕ್ಕೆ ತಳ್ಳುತ್ತೆ. ನಿಂತಲ್ಲೇ ನಿಂತರೆ ಆ ಪಂಪು ಮಲಗಿಬಿಡುತ್ತೆ. ರಕ್ತ ಕೆಳಗೇ ಉಳಿದು ಕಾಲು ಊದಿಕೊಳ್ಳುತ್ತೆ, ಸೊಂಟದ ಸ್ನಾಯುಗಳು ಬಿಡುವಿಲ್ಲದೆ ಬಿಗಿದುಕೊಂಡೇ ಇರುತ್ತವೆ.

ಇನ್ನು ಹಿಮ್ಮಡಿ. ಹಿಮ್ಮಡಿಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನಡಿ ಒಂದು ಗಟ್ಟಿ ಪಟ್ಟಿ ಇದೆ. ಗಟ್ಟಿ ನೆಲ, ಗಟ್ಟಿ ಬೂಟು, ದಿನಗಟ್ಟಲೆ ನಿಲ್ಲುವ ಕೆಲಸ ಸೇರಿದಾಗ ಅದು ಘಾಸಿಯಾಗುತ್ತೆ. ಇದಕ್ಕೇ ಪ್ಲಾಂಟರ್ ಫೇಶಿಯೈಟಿಸ್ ಅನ್ನೋದು. ರಾತ್ರಿ ಮಲಗಿದಾಗ ಆ ಪಟ್ಟಿ ಬಿಗಿದುಕೊಂಡಿರುತ್ತೆ, ಬೆಳಿಗ್ಗೆ ಮೈಭಾರ ಬಿದ್ದಾಗ ಒಮ್ಮೆಲೇ ಎಳೆಯುತ್ತೆ. ಚಿಕ್ಕಪ್ಪನ ‘ಅಮ್ಮಾ’ ಬರೋದು ಅಲ್ಲಿಂದ.

ಎಲ್ಲ ಪೊಲೀಸರ ನೋವೂ ಒಂದೇ ಅಲ್ಲ. ಸಶಸ್ತ್ರ ಪಡೆಯವರ ಹೆಗಲಿಗೆ ಸುಮಾರು 4 ಕಿಲೋ ರೈಫಲ್ ತೂಗಿರುತ್ತೆ, ಅದೂ ಒಂದೇ ಹೆಗಲಿಗೆ. ಕುತ್ತಿಗೆ ಹಿಡಿದುಕೊಳ್ಳದೆ ಇನ್ನೇನಾಗುತ್ತೆ? ಹೊಯ್ಸಳ ಗಾಡಿಯವರದು ಕೂತು ಕೂತು ಬರುವ ಸೊಂಟನೋವು. ಚೀತಾ ಬೈಕಿನವರ ಬೆನ್ನಿನ ಕಥೆ ನಮ್ಮ ರಸ್ತೆಗುಂಡಿಗಳನ್ನೇ ಕೇಳಿ. ಬಂದೋಬಸ್ತ್‌ಗೆ ಹೋದ ಮಹಿಳಾ ಸಿಬ್ಬಂದಿಗೆ ಇನ್ನೊಂದು ಪಾಡು: ಹತ್ತಿರದಲ್ಲಿ ಶೌಚಾಲಯ ಇರಲ್ಲ ಅಂತ ನೀರೇ ಕುಡಿಯೋದಿಲ್ಲ. ಬಿಸಿಲಲ್ಲಿ ಬೆವರಿ, ನೀರೂ ಇಲ್ಲದಾಗ ಸ್ನಾಯು ಸೆಳೆತ ಹಿಡಿಯೋದು ಸುಲಭ.

2025ರ ಅಕ್ಟೋಬರ್‌ನಲ್ಲಿ ನಮ್ಮ ಕಾನ್‌ಸ್ಟೇಬಲ್‌ಗಳಿಗೆ ಹಳೇ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ತಲೆಗೇನೋ ಹಗುರ ಆಯ್ತು. ಚಿಕ್ಕಪ್ಪ ಕ್ಯಾಪ್ ಹಾಕಿ ಕನ್ನಡಿ ನೋಡಿಕೊಂಡು, ಆಮೇಲೆ ಬೂಟಿನ ಕಡೆ ಬಗ್ಗಿ ನೋಡಿದ್ದು ನನಗೆ ನೆನಪಿದೆ.

ನನಗೆ ಭಯ ಹುಟ್ಟಿಸಿದ್ದು ನೋವಲ್ಲ, ಅವರ ಜೇಬು. ಪ್ಯಾಂಟ್ ಒಗೆಯಲು ಹಾಕುವಾಗ ಚಿಕ್ಕಮ್ಮನಿಗೆ ಸಿಕ್ಕಿದ್ದು ಡೈಕ್ಲೋಫೆನಾಕ್ ಸ್ಟ್ರಿಪ್. ಡಾಕ್ಟರ್ ಚೀಟಿ ಇಲ್ಲದೆ, ಮೆಡಿಕಲ್ ಶಾಪಿನಿಂದ, ತಿಂಗಳುಗಟ್ಟಲೆ. ಖಾಲಿ ಹೊಟ್ಟೆಯಲ್ಲಿ ಟೀ ಜೊತೆ ನುಂಗಿ ಡ್ಯೂಟಿಗೆ ಹೋಗ್ತಿದ್ದರಂತೆ. ಇಂಥ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿಪಿ ಏರಿಸಬಹುದು. ಮೈಯಲ್ಲಿ ನೀರಿನಂಶ ಕಡಿಮೆ ಇದ್ದಾಗ ಕಿಡ್ನಿಗೆ ಪೆಟ್ಟು ಕೊಡಬಹುದು. ಚಿಕ್ಕಪ್ಪನಿಗೆ ಬಿಪಿ ಮೊದಲೇ ಇತ್ತು. ಆ ದಿನ ಮನೆಯಲ್ಲಿ ದೊಡ್ಡ ಜಗಳವೇ ಆಯ್ತು. ‘ರಜೆ ಕೇಳಿದ್ರೆ ನಾಟಕ ಅಂತಾರೆ ಕಣೋ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂಳೆ ಡಾಕ್ಟರ್ ಹೇಳಿದ್ದು ದುಬಾರಿ ವಿಷಯವೇನಲ್ಲ. ಬೂಟಿನೊಳಗೆ ಹಿಮ್ಮಡಿಗೆ ಮೆತ್ತನೆ ಇನ್‌ಸೋಲ್, ಮನೆಯಲ್ಲಿ ಬರಿಗಾಲಿನ ಬದಲು ಎಂಸಿಆರ್ ಚಪ್ಪಲಿ. ಗೋಡೆಗೆ ಕೈ ಊರಿ, ಒಂದು ಕಾಲು ಹಿಂದಿಟ್ಟು ಮೀನಖಂಡ ಎಳೆಯುವ ವ್ಯಾಯಾಮ ದಿನಾ ಎರಡು ಮೂರು ಸಲ. ನಿಲ್ಲುವಾಗ ಸಿಗ್ನಲ್ ಪಕ್ಕದ ಕಲ್ಲಿನ ಮೇಲೆ ಕಾಲು ಬದಲಿಸಿ ಬದಲಿಸಿ ಇಟ್ಟರೂ ಸೊಂಟದ ಎಳೆತ ಕಡಿಮೆಯಾಗುತ್ತಂತೆ. ಗುಣವಾಗೋಕೆ ಮಾತ್ರ ತಿಂಗಳುಗಳೇ ಬೇಕು. ಒಂದು ಮಾತು ಒತ್ತಿ ಹೇಳಿದರು: ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಫಿಸಿಯೋಥೆರಪಿಗೆ ತಗೊಂಡ ಟೈಮ್ ಬಂದೋಬಸ್ತ್‌ನಿಂದಾಗಿ ಎರಡು ಸಲ ತಪ್ಪಿಹೋಯ್ತು. ಮೂರನೇದು ಬರೋ ಗುರುವಾರ. ಸದ್ಯಕ್ಕೆ ನಮ್ಮ ಫ್ರೀಜರ್‌ನಲ್ಲಿ ನೀರು ತುಂಬಿದ ಬಾಟಲಿಯೊಂದು ಗಟ್ಟಿಯಾಗಿ ಕೂತಿದೆ. ರಾತ್ರಿ ಡ್ಯೂಟಿ ಮುಗಿಸಿ ಬಂದು, ಟಿವಿ ಮುಂದೆ ಕೂತು, ಅದನ್ನು ಅಂಗಾಲಿನಡಿ ಇಟ್ಟು ಉರುಳಿಸುತ್ತಾರೆ. ಚಿಕ್ಕಮ್ಮ ಪಕ್ಕದಲ್ಲೇ ಕೂತು ನಿಮಿಷ ಎಣಿಸುತ್ತಾರೆ.